ಯಾವ ಪಾಠ, ಯಾವ ಮುದ್ರಣ: ಗ್ರಂಥಾಲಯದಲ್ಲಿ ಫ್ರೆಂಚ್ ಕಾವ್ಯದ ಸಂಶೋಧನೆ

ಫ್ರೆಂಚ್ ಕಾವ್ಯಕ್ಕೆ ಒಂಬತ್ತು ಶತಮಾನಗಳಿಗೂ ಮೀರಿದ ಚರಿತ್ರೆಯಿದೆ. ‘ಶಾಂಸೋಂ ದ ರೋಲಾಂ’ ಎಂಬ ವೀರಕಾವ್ಯದ ಅತಿ ಹಳೆಯ ಹಸ್ತಪ್ರತಿ ಹನ್ನೆರಡನೆಯ ಶತಮಾನದ್ದು. ಅಲ್ಲಿಂದ ವಿಯೋಂ, ರೋಂಸಾರ್, ವಿಕ್ಟರ್ ಹ್ಯೂಗೋ, ಬೋದಿಲೇರ್, ರ‍್ಯಾಂಬೋ, ಮಲಾರ್ಮೆ, ಅಪೊಲಿನೇರ್ ಅವರ ತನಕ ಬೆಳೆದುಬಂದ ಈ ಪರಂಪರೆ ಒಂದೇ ಕಡೆ ಒಂದೇ ರೂಪದಲ್ಲಿ ಉಳಿದಿಲ್ಲ. ಒಂದು ಕವಿತೆ ಮೊದಲು ಪತ್ರಿಕೆಯಲ್ಲಿ ಒಂದು ಹೆಸರಿನಿಂದ ಬಂದು, ಸಂಕಲನಕ್ಕೆ ಸೇರುವಾಗ ಇನ್ನೊಂದು ಹೆಸರು ಪಡೆದಿರಬಹುದು. ಎರಡನೆಯ ಮುದ್ರಣದಲ್ಲಿ ಅದರ ಜಾಗ ಬದಲಾಗಿರಬಹುದು, ಕವಿ ತೀರಿಕೊಂಡ ಮೇಲೆ ಗೆಳೆಯರು ಅದನ್ನು ಮತ್ತೊಂದು ಕ್ರಮದಲ್ಲಿ ಜೋಡಿಸಿರಬಹುದು. ಆದ್ದರಿಂದ ಕವಿತೆಯ ಅರ್ಥ, ಲಯ, ಪ್ರಭಾವಗಳನ್ನು ಚರ್ಚಿಸುವ ಮೊದಲು ಕೈಯಲ್ಲಿರುವುದು ಯಾವ ಪಾಠ, ಯಾವ ಮುದ್ರಣದ್ದು ಎಂಬುದು ಇತ್ಯರ್ಥವಾಗಬೇಕು. ಪಂಪ, ರನ್ನರ ಕಾವ್ಯಗಳ ಗ್ರಂಥಸಂಪಾದನೆಯನ್ನು ಬಲ್ಲ ಕನ್ನಡ ಓದುಗರಿಗೆ ಈ ಮಾತು ಹೊಸದಲ್ಲ. ಅಚ್ಚಿನ ಯುಗದ ಕವಿಗಳಿಗೂ ಅದು ಅಷ್ಟೇ ಅನ್ವಯಿಸುತ್ತದೆ. ಆಕರಗ್ರಂಥ, ಸೂಚಿ, ಮುದ್ರಿತ ಪುಸ್ತಕ, ಹಳೆಯ ಪತ್ರಿಕೆ, ಹಸ್ತಪ್ರತಿ, ವಿಮರ್ಶೆ ಎಂಬ ಕ್ರಮದಲ್ಲಿ ಗ್ರಂಥಾಲಯವನ್ನು ಬಳಸಿದರೆ ಈ ಪ್ರಶ್ನೆಗೆ ಉತ್ತರ ಹಂತಹಂತವಾಗಿ ಸಿಗುತ್ತದೆ.

ಆಕರಗ್ರಂಥಗಳಿಂದ ಆರಂಭ

ಹುಡುಕಾಟ ಶುರುವಾಗಬೇಕಾದದ್ದು ಆಕರಗ್ರಂಥಗಳ ವಿಭಾಗದಲ್ಲಿ. ಕವಿಯ ಜನನ, ಮರಣ, ಮುಖ್ಯ ಕೃತಿಗಳು, ಅವು ಪ್ರಕಟವಾದ ವರ್ಷ, ಸಮಕಾಲೀನರು ಇವಿಷ್ಟನ್ನು ಸಾಹಿತ್ಯ ಕೋಶವೊಂದರಿಂದ ಗುರುತು ಹಾಕಿಕೊಂಡರೆ ಮುಂದಿನ ದಾರಿ ಅರ್ಧದಷ್ಟು ಸಲೀಸಾಗುತ್ತದೆ. ಛಂದಸ್ಸು, ಕಾವ್ಯಪ್ರಕಾರ, ಪಂಥಗಳ ಬಗ್ಗೆ ತಿಳಿಯಲು ‘ಪ್ರಿನ್ಸ್‌ಟನ್ ಎನ್‌ಸೈಕ್ಲೋಪೀಡಿಯಾ ಆಫ್ ಪೊಯೆಟ್ರಿ ಅಂಡ್ ಪೊಯೆಟಿಕ್ಸ್’ ಅನೇಕ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ದೊರೆಯುತ್ತದೆ.

ಛಂದಸ್ಸಿನ ಪ್ರಾಥಮಿಕ ಪರಿಚಯ ಇಲ್ಲದೆ ಫ್ರೆಂಚ್ ಕಾವ್ಯದೊಳಗೆ ಕಾಲಿಡುವುದು ಕಷ್ಟ. ಫ್ರೆಂಚ್ ಸಾಲನ್ನು ಅಳೆಯುವುದು ಅಕ್ಷರಗಳ, ಎಂದರೆ ಉಚ್ಚಾರದ ಘಟಕಗಳ, ಲೆಕ್ಕದಿಂದ. ಅಲ್ಲಿ ಗುರು-ಲಘುಗಳ ಭೇದವಿಲ್ಲ. ‘ಅಲೆಕ್ಸಾಂದ್ರಿನ್’ ಎಂಬ ಪ್ರಸಿದ್ಧ ಸಾಲಿಗೆ ಹನ್ನೆರಡು ಅಕ್ಷರ, ಆರನೆಯ ಅಕ್ಷರವಾದ ಮೇಲೆ ಯತಿ. ಮಾತಿನಲ್ಲಿ ಕೇಳಿಸದ ಅಂತ್ಯದ ‘ಎ’ಕಾರ ಪದ್ಯದಲ್ಲಿ ವ್ಯಂಜನದ ಮುಂದೆ ಬಂದರೆ ಲೆಕ್ಕಕ್ಕೆ ಸೇರುತ್ತದೆ, ಸ್ವರದ ಮುಂದೆ ಲೋಪವಾಗುತ್ತದೆ, ಸಾಲಿನ ಕೊನೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಇದು ಗೊತ್ತಿಲ್ಲದವರು ಕವಿ ನಿಯಮ ಮುರಿದ ಜಾಗದಲ್ಲಿ ಸಹಜ ಓಟವನ್ನೂ, ಸಹಜ ಓಟದಲ್ಲಿ ನಿಯಮಭಂಗವನ್ನೂ ಕಂಡಾರು.

ನಿಘಂಟುಗಳೂ ಕಾಲಕ್ಕೆ ತಕ್ಕವಾಗಿರಬೇಕು. ಹತ್ತೊಂಬತ್ತನೆಯ ಶತಮಾನದ ಕವಿಗಳನ್ನು ಓದುವಾಗ ಎಮಿಲ್ ಲಿತ್ರೆ ಸಿದ್ಧಪಡಿಸಿದ ನಿಘಂಟು ಬಹಳ ಉಪಯುಕ್ತ. ಅದರ ಮೊದಲ ಮುದ್ರಣ ಹೊರಬರತೊಡಗಿದ್ದು 1863ರಲ್ಲಿ, ಮುಗಿದದ್ದು ಮುಂದಿನ ದಶಕದ ಆರಂಭದಲ್ಲಿ. ಬೋದಿಲೇರ್ ಅವರ ಕಾಲದ ಓದುಗರಿಗೆ ಒಂದು ಪದದ ಅರ್ಥ ಏನಿತ್ತು ಎಂಬುದಕ್ಕೆ ಅದು ಹತ್ತಿರದ ಸಾಕ್ಷಿ. ಅದರ ಜೊತೆಗೆ ‘ತ್ರೆಸೊರ್ ದ ಲಾ ಲಾಂಗ್ ಫ್ರಾಂಸೇಸ್’ ಎಂಬ ಹದಿನಾರು ಸಂಪುಟಗಳ ನಿಘಂಟಿದೆ. ಅದರ ಗಣಕೀಕೃತ ರೂಪ ಉಚಿತವಾಗಿ ಸಿಗುತ್ತದೆ.

ಕಪಾಟಿನ ಗುರುತು

ಆಕರಗ್ರಂಥಗಳಾದ ಮೇಲೆ ಪುಸ್ತಕಗಳಿರುವ ಕಪಾಟಿನತ್ತ ಹೋಗಬೇಕು. ಡ್ಯೂಯಿ ದಶಮಾಂಶ ವರ್ಗೀಕರಣವನ್ನು ಅನುಸರಿಸುವ ಗ್ರಂಥಾಲಯಗಳಲ್ಲಿ ಫ್ರೆಂಚ್ ಸಾಹಿತ್ಯಕ್ಕೆ 840, ಫ್ರೆಂಚ್ ಕಾವ್ಯಕ್ಕೆ 841. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿಯಲ್ಲಿ ‘ಪಿಕ್ಯೂ’ ಎಂಬ ಅಕ್ಷರಜೋಡಿಯ ಕೆಳಗೆ ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್ ಸಾಹಿತ್ಯಗಳು ಬರುತ್ತವೆ. ಅಲ್ಲಿ ಕವಿಯ ಕಾವ್ಯ, ಗದ್ಯ, ಅವರ ಕುರಿತ ವಿಮರ್ಶೆ ಎಲ್ಲವೂ ಅಕ್ಕಪಕ್ಕದಲ್ಲೇ ಇರುತ್ತವೆ.

ಭಾರತದಲ್ಲಿ ಎಸ್. ಆರ್. ರಂಗನಾಥನ್ ಅವರು ರೂಪಿಸಿದ ಕೋಲನ್ ವರ್ಗೀಕರಣವೂ ಬಳಕೆಯಲ್ಲಿದೆ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ರಂಗನಾಥನ್ ಅವರು 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಅವರ ಪದ್ಧತಿಯಲ್ಲಿ ಕವಿಯ ಗುರುತೇ ಒಂದು ಪುಟ್ಟ ಪರಿಚಯದಂತಿರುತ್ತದೆ. ಸಾಹಿತ್ಯಕ್ಕೆ ‘ಓ’ ಎಂಬ ರೋಮನ್ ಅಕ್ಷರ, ಫ್ರೆಂಚ್ ಭಾಷೆಗೆ 122, ಕಾವ್ಯ ಪ್ರಕಾರಕ್ಕೆ 1, ಅದರ ಮುಂದೆ ಕವಿ ಹುಟ್ಟಿದ ಕಾಲ. 1800ರ ಶತಮಾನಕ್ಕೆ ‘ಎಂ’ ಸಂಕೇತ. ಬೋದಿಲೇರ್ ಹುಟ್ಟಿದ್ದು 1821ರಲ್ಲಾದ್ದರಿಂದ ಅವರ ಗುರುತು ‘ಎಂ21’. 1802ರಲ್ಲಿ ಹುಟ್ಟಿದ ಹ್ಯೂಗೋ ‘ಎಂ02’. ಹೀಗೆ ಕಪಾಟಿನಲ್ಲಿ ಕವಿಗಳು ಹುಟ್ಟಿದ ವರ್ಷದ ಕ್ರಮದಲ್ಲಿ ಸಾಲಾಗಿ ನಿಲ್ಲುತ್ತಾರೆ. ಒಬ್ಬ ಕವಿಯನ್ನು ಹುಡುಕಿಕೊಂಡು ಹೋದವರಿಗೆ ಅವರ ಓರಗೆಯವರ ಪರಿಚಯವೂ ಅಲ್ಲೇ ಆಗುತ್ತದೆ.

ಸೂಚಿಯಲ್ಲಿ ಹುಡುಕುವ ಬಗೆ

ಹತ್ತಿರದ ಗ್ರಂಥಾಲಯದಲ್ಲಿ ಸಿಗದ ಪುಸ್ತಕಗಳಿಗೆ ದೊಡ್ಡ ಸೂಚಿಗಳೇ ಗತಿ. ಅವುಗಳಲ್ಲಿ ಮೊದಲನೆಯದು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಸೂಚಿ. 1537ರಲ್ಲಿ ದೊರೆ ಒಂದನೆಯ ಫ್ರಾನ್ಸ್ವಾ, ರಾಜ್ಯದಲ್ಲಿ ಅಚ್ಚಾದ ಪ್ರತಿ ಪುಸ್ತಕದ ಒಂದು ಪ್ರತಿಯನ್ನು ಅರಮನೆಯ ಗ್ರಂಥಭಂಡಾರಕ್ಕೆ ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿದ. ಕಾನೂನಿನ ಈ ಕಡ್ಡಾಯದಿಂದಾಗಿ ಫ್ರೆಂಚ್ ಕಾವ್ಯದ ಮುದ್ರಿತ ಸಂಪತ್ತಿನ ಬಹುಭಾಗ ಒಂದೆಡೆ ಸೇರಿದೆ. ಫ್ರಾನ್ಸಿನ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಿಗೆ ‘ಸುಡಾಕ್’ ಎಂಬ ಒಕ್ಕೂಟ ಸೂಚಿಯಿದೆ. ಯಾವ ಪುಸ್ತಕ ಯಾವ ಊರಿನ ಯಾವ ಗ್ರಂಥಾಲಯದಲ್ಲಿದೆ ಎಂಬುದನ್ನು ಅದು ತೋರಿಸುತ್ತದೆ. ಅದೇ ಗ್ರಂಥಾಲಯಗಳ ಹಸ್ತಪ್ರತಿಗಳಿಗೆ ‘ಕಲಾಮ್’ ಎಂಬ ಬೇರೆ ಸೂಚಿ ಇದೆ.

ಹೊಸಬರು ಎಡವುವುದು ಮುಖ್ಯವಾಗಿ ಮೂರು ಕಡೆ. ಮೊದಲನೆಯದು ಹೆಸರು. ಕವಿ ಎಲ್ವಾರ್ ಅವರ ನಿಜನಾಮ ಯುಜೆನ್ ಗ್ರಾಂದೆಲ್, ಸೇಂಟ್-ಜಾನ್ ಪರ್ಸ್ ಅವರದು ಅಲೆಕ್ಸಿ ಲೆಜೆ, ಲೋತ್ರೆಯಾಮೋಂ ಅವರದು ಇಸಿದೋರ್ ದ್ಯುಕಾಸ್. ಸೂಚಿಯಲ್ಲಿ ಪ್ರತಿ ಲೇಖಕರಿಗೂ ಒಂದು ಅಧಿಕೃತ ನಾಮದಾಖಲೆ ಇರುತ್ತದೆ. ಅದನ್ನು ತೆರೆದರೆ ಎಲ್ಲ ಹೆಸರುಗಳೂ ಒಂದೆಡೆ ಸಿಗುತ್ತವೆ. ಎರಡನೆಯದು, ಕವಿ ಬರೆದ ಪುಸ್ತಕಕ್ಕೂ ಕವಿಯ ಕುರಿತ ಪುಸ್ತಕಕ್ಕೂ ಇರುವ ಭೇದ. ಬೋದಿಲೇರ್ ಹೆಸರನ್ನು ‘ಕರ್ತೃ’ ಎಂಬಲ್ಲಿ ಹಾಕಿದರೆ ಅವರ ಕೃತಿಗಳು, ‘ವಿಷಯ’ ಎಂಬಲ್ಲಿ ಹಾಕಿದರೆ ಅವರ ಮೇಲಿನ ಅಧ್ಯಯನಗಳು ಬರುತ್ತವೆ. ಮೂರನೆಯದು ಭಾಷೆ. ಫ್ರೆಂಚ್ ಸೂಚಿಗಳಲ್ಲಿ ವಿಷಯಶೀರ್ಷಿಕೆಗಳು ಫ್ರೆಂಚಿನಲ್ಲೇ ಇರುವುದರಿಂದ ಇಂಗ್ಲಿಷ್ ಪದಗಳಿಂದ ಹುಡುಕಿದರೆ ಸಿಗುವುದು ಅಲ್ಪ. ಮುಖ್ಯವಾದ ಒಂದು ಪುಸ್ತಕ ಸಿಕ್ಕ ಕೂಡಲೇ ಅದರ ದಾಖಲೆಯಲ್ಲಿರುವ ವಿಷಯಶೀರ್ಷಿಕೆಯನ್ನು ಎತ್ತಿಕೊಂಡು ಮತ್ತೆ ಹುಡುಕುವುದು ಅನುಭವಿಗಳ ಕ್ರಮ.

ಒಂದು ಸಂಕಲನ, ಹಲವು ಮುದ್ರಣ

ಮುದ್ರಣಗಳನ್ನು ಹೋಲಿಸಿ ನೋಡುವುದರ ಬೆಲೆ ಏನೆಂಬುದಕ್ಕೆ ಬೋದಿಲೇರ್ ಅವರ ‘ಲೆ ಫ್ಲರ್ ದ್ಯು ಮಾಲ್’ ಒಳ್ಳೆಯ ನಿದರ್ಶನ. ಪಿ. ಲಂಕೇಶ್ ಅವರು ಇದನ್ನು ‘ಪಾಪದ ಹೂಗಳು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಿರುವುದರಿಂದ ಕನ್ನಡಿಗರಿಗೂ ಇದು ಪರಿಚಿತ. 1851ರಲ್ಲಿ ಬೋದಿಲೇರ್ ಹನ್ನೊಂದು ಸಾನೆಟ್‌ಗಳನ್ನು ‘ಲೆ ಲ್ಯಾಂಬ್’ ಎಂಬ ಬೇರೆಯೇ ಶೀರ್ಷಿಕೆಯಲ್ಲಿ ಪತ್ರಿಕೆಯೊಂದಕ್ಕೆ ಕೊಟ್ಟಿದ್ದರು. 1855ರಲ್ಲಿ ‘ರೆವ್ಯು ದೆ ದ್ಯೂ ಮೋಂದ್’ ಪತ್ರಿಕೆ ಅವರ ಹದಿನೆಂಟು ಕವಿತೆಗಳನ್ನು ಅಚ್ಚು ಹಾಕಿದಾಗ ಇಂದಿನ ಹೆಸರು ಬಂತು. ಪುಸ್ತಕ ಹೊರಬಂದದ್ದು 1857ರ ಜೂನ್‌ನಲ್ಲಿ, ಪುಲೆ-ಮಲಾಸ್ಸಿ ಅವರ ಪ್ರಕಾಶನದಿಂದ. ಅದರಲ್ಲಿ ಐದು ಭಾಗಗಳು, ಅಂಕಿ ಹಾಕಿದ ನೂರು ಕವಿತೆಗಳು. ಅದೇ ವರ್ಷದ ಆಗಸ್ಟ್ 20ರಂದು ಪ್ಯಾರಿಸ್ಸಿನ ನ್ಯಾಯಾಲಯ ಸಾರ್ವಜನಿಕ ನೀತಿಗೆ ಧಕ್ಕೆ ತಂದ ಆರೋಪದ ಮೇಲೆ ಕವಿಗೆ 300 ಫ್ರಾಂಕ್ ದಂಡ ಹಾಕಿ, ಆರು ಕವಿತೆಗಳನ್ನು ತೆಗೆಯಬೇಕೆಂದು ಆದೇಶಿಸಿತು. ಮಾರಾಟವಾಗದೆ ಉಳಿದ ಪ್ರತಿಗಳಿಂದ ಆ ಹಾಳೆಗಳನ್ನು ಕತ್ತರಿಸಿ ತೆಗೆದರು. ಹೀಗಾಗಿ 1857ರದೇ ಎರಡು ಪ್ರತಿಗಳು ಒಂದೇ ಬಗೆಯಾಗಿರುತ್ತವೆಂದು ನಂಬುವಂತಿಲ್ಲ.

1861ರ ಎರಡನೆಯ ಮುದ್ರಣದಲ್ಲಿ ‘ಪ್ಯಾರಿಸ್ ಚಿತ್ರಗಳು’ ಎಂಬ ಅರ್ಥದ ಹೊಸ ಭಾಗವೊಂದು ಸೇರಿತು. ಇದರ ಮುಖಪುಟದಲ್ಲಿ ಮೂವತ್ತೈದು ಹೊಸ ಕವಿತೆಗಳಿವೆ ಎಂದು ಅಚ್ಚಾಗಿದೆ. ಒಳಗೆ ಕವಿತೆಗಳ ಕೊನೆಯ ಅಂಕಿ 126. ಮೊದಲಿನ ನೂರರಲ್ಲಿ ನಿಷೇಧಕ್ಕೊಳಗಾದ ಆರನ್ನು ಕಳೆದರೆ ತೊಂಬತ್ತನಾಲ್ಕು. 126ರಿಂದ ಅದನ್ನು ಕಳೆದರೆ ಹೊಸವು ಮೂವತ್ತೆರಡೇ. ಮುಖಪುಟ ಸುಳ್ಳು ಹೇಳುತ್ತಿದೆಯೇ ಎಂದು ಒಳಹಾಳೆ ತಿರುವಿದರೆ, ‘ಆಂ ಫಾಂತೋಮ್’ ಎಂಬ ಒಂದೇ ಅಂಕಿಯ ಕೆಳಗೆ ನಾಲ್ಕು ಸಾನೆಟ್‌ಗಳಿರುವುದು ಕಾಣುತ್ತದೆ. ಅವನ್ನು ಬಿಡಿಬಿಡಿಯಾಗಿ ಎಣಿಸಿದಾಗ ಮೂವತ್ತೈದರ ಲೆಕ್ಕ ಸರಿಹೋಗುತ್ತದೆ. ಇಂಥ ಸಣ್ಣ ಗೊಂದಲ ಬಿಡಿಸಲು ಪುಸ್ತಕವನ್ನೇ ತೆರೆದು ನೋಡಬೇಕು. ಬೇರೆಯವರು ಕೊಟ್ಟ ಸಂಖ್ಯೆಯನ್ನು ನಂಬಿ ಬರೆದರೆ ಅದು ಮುಂದಿನವರ ಬರಹಕ್ಕೂ ಹಾಗೆಯೇ ದಾಟುತ್ತದೆ.

ನಿಷೇಧಗೊಂಡ ಕವಿತೆಗಳು 1866ರಲ್ಲಿ ‘ಲೆಜೆಪಾವ್’ ಎಂಬ ಪುಸ್ತಕದಲ್ಲಿ ಮತ್ತೆ ಕಾಣಿಸಿಕೊಂಡವು. ಅದರ ಮೇಲೆ ಆಮ್‌ಸ್ಟರ್‌ಡ್ಯಾಂ ಎಂದಿದ್ದರೂ ಅದು ಹೊರಬಂದದ್ದು ಬ್ರಸೆಲ್ಸ್‌ನಲ್ಲಿ. ಬೋದಿಲೇರ್ 1867ರಲ್ಲಿ ತೀರಿಕೊಂಡರು. ಮರುವರ್ಷ ಬಂದ ಮೂರನೆಯ ಮುದ್ರಣವನ್ನು ಜೋಡಿಸಿದವರು ಅವರ ಗೆಳೆಯರಾದ ಬಾಂವಿಲ್ ಮತ್ತು ಅಸೆಲಿನೋ. ಅಲ್ಲಿನ ಕ್ರಮ ಕವಿಯದೆಂದು ಹೇಳಲಾಗದು. ನ್ಯಾಯಾಲಯದ ತೀರ್ಪು ರದ್ದಾದದ್ದು 1949ರಲ್ಲಿ. ಕವಿತೆಗಳ ಕ್ರಮದಲ್ಲೇ ಒಂದು ಅರ್ಥವಿದೆಯೆಂದು ವಾದಿಸುವವರು 1857, 1861, 1868 ಇವುಗಳಲ್ಲಿ ಯಾವುದನ್ನು ಮುಂದಿಟ್ಟುಕೊಂಡಿದ್ದಾರೆ ಎಂಬುದನ್ನು ಹೇಳಲೇಬೇಕಾಗುತ್ತದೆ.

ಈ ಎಲ್ಲ ಮುದ್ರಣಗಳನ್ನು ಹೋಲಿಸಿ ಪಾಠಾಂತರಗಳನ್ನು ಕೊಡುವ ಸಂಪಾದಿತ ಆವೃತ್ತಿಗಳು ಸಂಶೋಧಕರ ಬಲಗೈ. 1931ರಲ್ಲಿ ಜಾಕ್ ಶಿಫ್ರಿನ್ ಆರಂಭಿಸಿದ ‘ಬಿಬ್ಲಿಯೊತೆಕ್ ದ ಲಾ ಪ್ಲೇಯಾದ್’ ಮಾಲೆಯ ಮೊದಲ ಸಂಪುಟವೇ ಬೋದಿಲೇರ್ ಅವರದು. ಗಾಲಿಮಾರ್ ಪ್ರಕಾಶನ ಮುಂದೆ ಈ ಮಾಲೆಯನ್ನು ವಹಿಸಿಕೊಂಡಿತು. 1975-76ರಲ್ಲಿ ಕ್ಲೋದ್ ಪಿಶ್ವಾ ಅವರು ಸಂಪಾದಿಸಿದ ಎರಡು ಸಂಪುಟಗಳು ಇದೇ ಮಾಲೆಯಲ್ಲಿ ಬಂದವು. ತೆಳುಹಾಳೆಯ ಈ ಸಂಪುಟಗಳ ಕೊನೆಯಲ್ಲಿರುವ ಟಿಪ್ಪಣಿಗಳನ್ನು ಓದುವುದು ರೂಢಿಯಾದರೆ ಅರ್ಧ ಸಂಶೋಧನೆ ಕಲಿತಂತೆ.

ಹಳೆಯ ಪತ್ರಿಕೆಗಳು ಮತ್ತು ಗಾಲಿಕಾ

ಹತ್ತೊಂಬತ್ತನೆಯ ಶತಮಾನದ ಬಹುಪಾಲು ಕವಿತೆಗಳು ಮೊದಲು ಬೆಳಕು ಕಂಡದ್ದು ಪತ್ರಿಕೆಗಳಲ್ಲಿ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ 1997ರಲ್ಲಿ ಆರಂಭಿಸಿದ ‘ಗಾಲಿಕಾ’ ಎಂಬ ಡಿಜಿಟಲ್ ಗ್ರಂಥಾಲಯದಲ್ಲಿ ಇಂಥ ಪತ್ರಿಕೆಗಳೂ ಸೇರಿ ಒಂದು ಕೋಟಿಗೂ ಹೆಚ್ಚು ದಾಖಲೆಗಳಿವೆ. ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ಉಚಿತವಾಗಿ ಓದಬಹುದು, ಹಕ್ಕುಸ್ವಾಮ್ಯ ಮುಗಿದವನ್ನು ಇಳಿಸಿಕೊಳ್ಳಬಹುದು.

ಇದರ ಬಳಕೆಗೆ ಭಾರತಕ್ಕೆ ಸಂಬಂಧಪಟ್ಟ ಒಂದು ಉದಾಹರಣೆಯೇ ಇದೆ. 1841ರಲ್ಲಿ ಬೋದಿಲೇರ್ ಅವರನ್ನು ಮಲತಂದೆ ಕಲ್ಕತ್ತೆಗೆ ಹೊರಟ ಹಡಗು ಹತ್ತಿಸಿದರು. ಇಪ್ಪತ್ತರ ಆ ಯುವಕ ಮಾರಿಷಸ್ ಮತ್ತು ರಿಯೂನಿಯನ್ ದ್ವೀಪಗಳ ತನಕ ಬಂದು, ಭಾರತವನ್ನು ಕಾಣದೆ ಹಿಂದಿರುಗಿದರು. ಮಲಬಾರಿನ ಹೆಣ್ಣೊಬ್ಬಳನ್ನು ಉದ್ದೇಶಿಸಿದ ‘ಆ ಯುನ್ ಮಲಬಾರೇಸ್’ ಎಂಬ ಅವರ ಕವಿತೆಗೆ ಈ ಪ್ರಯಾಣವೇ ಹಿನ್ನೆಲೆ. ‘ಲೆ ಫ್ಲರ್ ದ್ಯು ಮಾಲ್’ ಸಂಕಲನದ ಮೊದಲ ಎರಡು ಮುದ್ರಣಗಳಲ್ಲಿ ಅದಿಲ್ಲ. ಅದು 1866ರ ‘ಲೆಜೆಪಾವ್’ ಪುಸ್ತಕದಲ್ಲಿದೆ. ಅಲ್ಲಿಗೇ ನಿಂತರೆ ಅದನ್ನು ಕವಿಯ ಕೊನೆಗಾಲದ ರಚನೆಯೆಂದು ತಪ್ಪು ತಿಳಿಯುವ ಸಂಭವವಿದೆ. ಸಂಪಾದಿತ ಆವೃತ್ತಿಯ ಟಿಪ್ಪಣಿ ಹಿಡಿದು ಹಿಂದಕ್ಕೆ ಹೋದರೆ 1846ರ ಡಿಸೆಂಬರ್‌ನ ‘ಲಾರ್ತಿಸ್ತ್’ ಪತ್ರಿಕೆಯಲ್ಲಿ ಅದೇ ಕವಿತೆ ‘ಆ ಯುನ್ ಆಂದಿಯೆನ್’ ಎಂಬ ಶೀರ್ಷಿಕೆಯಲ್ಲಿ ಕಾಣಿಸುತ್ತದೆ. ಕೆಳಗಿರುವ ಸಹಿ ಪಿಯೆರ್ ದ ಫಾಯಿಸ್. ತಾಯಿಯ ತವರಿನ ಹೆಸರಾದ ದ್ಯುಫಾಯಿಸ್ ಎಂಬುದರಿಂದ ಮಾಡಿಕೊಂಡ ಕಾವ್ಯನಾಮ ಅದು. ಗಾಲಿಕಾದ ಹುಡುಕುಪೆಟ್ಟಿಗೆಯಲ್ಲಿ ಬೋದಿಲೇರ್ ಹೆಸರನ್ನೋ ಕವಿತೆಯ ಇಂದಿನ ಶೀರ್ಷಿಕೆಯನ್ನೋ ಎಷ್ಟು ಸಲ ಟೈಪಿಸಿದರೂ ಆ ಪುಟ ಕೈಗೆ ಬರಲಾರದು. ಪತ್ರಿಕೆಯ ಹೆಸರು, ವರ್ಷ, ತಿಂಗಳು ತಿಳಿದು ಸಂಚಿಕೆಯನ್ನೇ ತೆರೆಯಬೇಕು. ಆಕರಗ್ರಂಥ, ಸಂಪಾದಿತ ಆವೃತ್ತಿಗಳನ್ನು ದಾಟಿ ಬಂದವರಿಗೆ ಮಾತ್ರ ಡಿಜಿಟಲ್ ಭಂಡಾರ ಪೂರ್ತಿ ತೆರೆದುಕೊಳ್ಳುತ್ತದೆ.

ಇನ್ನೂ ಎರಡು ಎಚ್ಚರಿಕೆಗಳಿವೆ. ಹಳೆಯ ಅಚ್ಚನ್ನು ಯಂತ್ರ ಓದಿ ಪಠ್ಯವಾಗಿಸುವಾಗ ಅಕ್ಷರಗಳು ತಪ್ಪುವುದು ಸಾಮಾನ್ಯವಾದ್ದರಿಂದ ಪುಟದ ಚಿತ್ರವನ್ನೇ ನೋಡಿ ಓದಬೇಕು. ಇಪ್ಪತ್ತನೆಯ ಶತಮಾನಕ್ಕೆ ಬಂದಾಗ ಹಕ್ಕುಸ್ವಾಮ್ಯ ಅಡ್ಡ ಬರುತ್ತದೆ. ಫ್ರಾನ್ಸಿನಲ್ಲಿ ಲೇಖಕರು ತೀರಿಕೊಂಡ ಮೇಲೆ ಎಪ್ಪತ್ತು ವರ್ಷ ಹಕ್ಕು ಉಳಿಯುತ್ತದೆ. ದೇಶಕ್ಕಾಗಿ ಮಡಿದವರೆಂದು ಮಾನ್ಯರಾದವರಿಗೆ ಅದು ಇನ್ನೂ ದೀರ್ಘ. 1918ರಲ್ಲಿ ತೀರಿಕೊಂಡ ಅಪೊಲಿನೇರ್ ಅವರ ಕೃತಿಗಳು ಫ್ರಾನ್ಸಿನಲ್ಲಿ ಮುಕ್ತವಾದದ್ದು 2013ರಲ್ಲಿ.

ಗಾಲಿಕಾದಲ್ಲಿ ಕವಿಗಳ ದನಿಯೂ ಇದೆ. ಭಾಷಾಶಾಸ್ತ್ರಜ್ಞ ಫೆರ್ದಿನಾಂ ಬ್ರ್ಯುನೊ 1911ರಲ್ಲಿ ಸ್ಥಾಪಿಸಿದ ಧ್ವನಿಸಂಗ್ರಹಕ್ಕಾಗಿ ಅಪೊಲಿನೇರ್ 1913ರಲ್ಲಿ ತಮ್ಮ ‘ಲ ಪೋಂ ಮಿರಾಬೋ’ ಓದಿದ್ದರು. ಅದೇ ವರ್ಷ ಬಂದ ‘ಅಲ್ಕೋಲ್’ ಸಂಕಲನದ ಕರಡಚ್ಚು ತಿದ್ದುವಾಗ ಅವರು ಎಲ್ಲ ಲೇಖನಚಿಹ್ನೆಗಳನ್ನೂ ತೆಗೆದುಹಾಕಿದ್ದರು. ಅಲ್ಪವಿರಾಮವೂ ಇಲ್ಲದ ಆ ಸಾಲುಗಳಲ್ಲಿ ಕವಿ ಎಲ್ಲಿ ನಿಲ್ಲುತ್ತಿದ್ದರು ಎಂಬುದನ್ನು ಅವರ ಬಾಯಿಂದಲೇ ಕೇಳಬಹುದು.

ಹಸ್ತಪ್ರತಿಗಳು ಮತ್ತು ಅಪರೂಪದ ಪುಸ್ತಕಗಳು

ಹಸ್ತಪ್ರತಿಗಳ ವಿಷಯಕ್ಕೆ ಬಂದರೆ ಪ್ಯಾರಿಸ್ಸಿನ ರಿಶೆಲ್ಯು ಬೀದಿಯಲ್ಲಿರುವ ರಾಷ್ಟ್ರೀಯ ಗ್ರಂಥಾಲಯದ ಹಳೆಯ ಕಟ್ಟಡವೇ ಪ್ರಮುಖ. ವಿಕ್ಟರ್ ಹ್ಯೂಗೋ 1881ರಲ್ಲಿ ತಮ್ಮ ಉಯಿಲಿಗೆ ಸೇರಿಸಿದ ಟಿಪ್ಪಣಿಯಲ್ಲಿ ಎಲ್ಲ ಹಸ್ತಪ್ರತಿಗಳನ್ನೂ ರಾಷ್ಟ್ರೀಯ ಗ್ರಂಥಾಲಯಕ್ಕೆ ಬಿಟ್ಟುಕೊಟ್ಟರು. ಆಧುನಿಕ ಕವಿಗಳಿಗೆ ವಸ್ತ್ರವಿನ್ಯಾಸಕಾರ ಜಾಕ್ ದೂಸೆ ಕೂಡಿಟ್ಟು ಪ್ಯಾರಿಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟ ಸಾಹಿತ್ಯ ಗ್ರಂಥಾಲಯವಿದೆ. ಮಲಾರ್ಮೆ, ವಲೇರಿ, ಬ್ರೆತೋಂ ಅವರ ಕಾಗದಪತ್ರಗಳು ಅಲ್ಲಿವೆ. ಎಲ್ಲವೂ ಫ್ರಾನ್ಸಿನಲ್ಲೇ ಇಲ್ಲ. ರೋಲಾಂ ಕಾವ್ಯದ ಅತಿ ಹಳೆಯ ಪ್ರತಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದ್ದು. ಬೋದಿಲೇರ್ ಅಧ್ಯಯನಕ್ಕಾಗಿಯೇ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಒಂದು ಕೇಂದ್ರವಿದೆ.

ಮೂಲಪ್ರತಿ ನೋಡಲು ಮುಂಚಿತವಾಗಿ ಬರೆದು ಅನುಮತಿ ಪಡೆಯಬೇಕು, ಸಂಶೋಧನೆಯ ಉದ್ದೇಶ ತಿಳಿಸಬೇಕು. ಹಸ್ತಪ್ರತಿ ವಾಚನಾಲಯಗಳಲ್ಲಿ ಟಿಪ್ಪಣಿಗೆ ಸಾಮಾನ್ಯವಾಗಿ ಪೆನ್ಸಿಲ್ ಮಾತ್ರ. ಡಿಜಿಟಲ್ ಪ್ರತಿ ಲಭ್ಯವಿದ್ದರೆ ಮೂಲವನ್ನು ಕೊಡಲು ಒಪ್ಪುವುದು ವಿರಳ. ಆದರೂ ಪುಸ್ತಕದ ಆಕಾರವೇ ಕಾವ್ಯದ ಭಾಗವಾದ ಕಡೆ ಮೂಲ ನೋಡುವುದು ಅಗತ್ಯ. ಮಲಾರ್ಮೆ ಅವರ ‘ಆಂ ಕು ದ ದೆ’ 1897ರಲ್ಲಿ ‘ಕಾಸ್ಮೊಪೊಲಿಸ್’ ಪತ್ರಿಕೆಯಲ್ಲಿ ಬಂದಾಗ ಒಂದೊಂದೇ ಪುಟಕ್ಕೆ ಸೀಮಿತವಾಗಿತ್ತು. ಎದುರುಬದುರು ಪುಟಗಳ ಮೇಲೆ ಸಾಲುಗಳು ಹರಡಿಕೊಳ್ಳಬೇಕೆಂಬ ಅವರ ಯೋಜನೆ ಪುಸ್ತಕರೂಪಕ್ಕೆ ಬಂದದ್ದು 1914ರಲ್ಲಿ, ಕವಿ ತೀರಿಕೊಂಡು ಹದಿನಾರು ವರ್ಷಗಳಾದ ಮೇಲೆ.

ಪುಸ್ತಕದ ಭೌತಿಕ ಸಾಕ್ಷ್ಯ ಕವಿಚರಿತ್ರೆಯನ್ನೂ ತಿದ್ದಬಲ್ಲದು. ರ‍್ಯಾಂಬೋ 1873ರಲ್ಲಿ ಬ್ರಸೆಲ್ಸ್‌ನಲ್ಲಿ ಅಚ್ಚು ಹಾಕಿಸಿದ ‘ಯುನ್ ಸೇಜೋಂ ಆನಾಂಫೆರ್’ ಕೃತಿಯ ಪ್ರತಿಗಳನ್ನೆಲ್ಲ ತಾವೇ ಸುಟ್ಟರೆಂಬ ಕಥೆ ಬಹುಕಾಲ ಚಲಾವಣೆಯಲ್ಲಿತ್ತು. 1901ರಲ್ಲಿ ಬೆಲ್ಜಿಯಂನ ವಕೀಲ, ಗ್ರಂಥಸಂಗ್ರಾಹಕ ಲಿಯೋಂ ಲೊಸ್ಸೋ ಅವರಿಗೆ ಮುದ್ರಕರ ಉಗ್ರಾಣದಲ್ಲಿ ನೂರಾರು ಪ್ರತಿಗಳ ಕಟ್ಟು ಸಿಕ್ಕಿತು. ಕವಿ ಕೆಲವೇ ಪ್ರತಿಗಳನ್ನು ಒಯ್ದಿದ್ದರು. ಉಳಿದವು ಹಾಗೆಯೇ ಬಿದ್ದಿದ್ದವು. ಕಾವ್ಯಕ್ಕೆ ಬೆಂಕಿಯಿಟ್ಟ ಕವಿ ಎಂಬ ಕಲ್ಪನೆಯ ಮೇಲೆ ಕಟ್ಟಿದ ವ್ಯಾಖ್ಯಾನಗಳಿಗೆ ಆ ಕಟ್ಟು ಉತ್ತರ ಕೊಟ್ಟಿತು.

ವಿಮರ್ಶೆಯ ಆಕರಗಳು

ಪಾಠ ಖಚಿತವಾದ ಮೇಲೆ ವಿಮರ್ಶೆಯ ಸರದಿ. ಅಮೆರಿಕದ ಭಾಷಾಸಾಹಿತ್ಯ ಸಂಘಟನೆಯಾದ ಎಂಎಲ್‌ಎಯ ಅಂತರರಾಷ್ಟ್ರೀಯ ಗ್ರಂಥಸೂಚಿ ಮತ್ತು ಜರ್ಮನಿಯಲ್ಲಿ ಒಟೊ ಕ್ಲಾಪ್ ಆರಂಭಿಸಿದ ಫ್ರೆಂಚ್ ಸಾಹಿತ್ಯಾಧ್ಯಯನದ ವಾರ್ಷಿಕ ಸೂಚಿ ಇವೆರಡೂ ಈ ಕ್ಷೇತ್ರದ ಆಧಾರಸ್ತಂಭಗಳು. ಲೇಖನಗಳ ಪೂರ್ಣಪಾಠ ‘ಪೆರ್ಸೆ’ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ‘ಓಪನ್ ಎಡಿಷನ್’ನಲ್ಲೂ ಬಹಳಷ್ಟು ಮುಕ್ತವಾಗಿದೆ, ‘ಕೆರ್ನ್’ನಲ್ಲಿ ಕೆಲವಕ್ಕೆ ಚಂದಾ ಬೇಕು. 1894ರಿಂದ ನಡೆದುಬಂದ ‘ರೆವ್ಯು ದಿಸ್ತ್ವಾರ್ ಲಿತೆರೇರ್ ದ ಲಾ ಫ್ರಾಂಸ್’ ಪತ್ರಿಕೆಯನ್ನು ಕಣ್ಣಾಡಿಸಿದರೆ ಚರ್ಚೆಗಳು ಬೆಳೆದ ಬಗೆ ತಿಳಿಯುತ್ತದೆ.

ವಿಮರ್ಶೆಯಲ್ಲಿ ಒಂದೇ ಪಕ್ಷದ ಮಾತು ಓದಿ ನಿಲ್ಲಬಾರದು. ಲಿಯೋಂ ನಗರದ ಕವಯಿತ್ರಿ ಲೂಯಿಸ್ ಲಾಬೆ ಅವರ ಕೃತಿಗಳು 1555ರಲ್ಲಿ ಪ್ರಕಟವಾದವು. ಆ ಕವಿತೆಗಳು ಆ ಊರಿನ ಪುರುಷ ಕವಿಗಳ ಸೃಷ್ಟಿ ಎಂದು ವಿದ್ವಾಂಸೆ ಮಿರೆಯ್ ಯುಶೋಂ 2006ರಲ್ಲಿ ವಾದಿಸಿದರು. ಬೇರೆ ವಿದ್ವಾಂಸರು ಅದನ್ನು ಬಲವಾಗಿ ಅಲ್ಲಗಳೆದರು. 2006ರ ಹಿಂದಿನ ಪುಸ್ತಕಗಳನ್ನಷ್ಟೇ ಓದಿದವರಿಗೆ ಈ ವಿವಾದದ ಸುಳಿವೇ ಸಿಗುವುದಿಲ್ಲ. ಹೊಸ ಲೇಖನದಿಂದ ಹಿಂದಕ್ಕೆ, ಅದರ ಅಡಿಟಿಪ್ಪಣಿಗಳ ಮೂಲಕ ಹಳೆಯದಕ್ಕೆ ಹೋಗುವುದು ಕ್ಷೇಮ.

ಕರ್ನಾಟಕದಲ್ಲಿ ಇರುವವರಿಗೆ

ಕರ್ನಾಟಕದಿಂದ ಈ ಕೆಲಸಕ್ಕೆ ತೊಡಗುವವರಿಗೆ ಬೆಂಗಳೂರಿನ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್ ಹತ್ತಿರದ ನೆಲೆ. ಫ್ರೆಂಚ್ ವಿಭಾಗವಿರುವ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಸಂಕಲನಗಳೂ ಹಳೆಯ ವಿಮರ್ಶಾಗ್ರಂಥಗಳೂ ಸಿಗುತ್ತವೆ. ಪುದುಚೇರಿಯಲ್ಲಿ 1827ರಲ್ಲಿ ಸ್ಥಾಪನೆಯಾದ, ಈಗ ರೊಮೇನ್ ರೋಲಾಂ ಅವರ ಹೆಸರು ಹೊತ್ತಿರುವ ಗ್ರಂಥಾಲಯದಲ್ಲಿ ಫ್ರೆಂಚ್ ಪುಸ್ತಕಗಳ ಹಳೆಯ ಸಂಗ್ರಹವಿದೆ. ಭಾರತೀಯ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ ಜಾಲತಾಣದಲ್ಲಿ ದೊರೆಯುತ್ತವೆ. ಬೇರೆ ಊರಿನ ಪುಸ್ತಕ ಬೇಕಾದಾಗ ‘ಡೆಲ್ನೆಟ್’ ಎಂಬ ಗ್ರಂಥಾಲಯ ಜಾಲದ ಸದಸ್ಯತ್ವವಿರುವ ಗ್ರಂಥಾಲಯಗಳು ಪರಸ್ಪರ ಎರವಲಿನ ಮೂಲಕ ತರಿಸಿಕೊಡಬಲ್ಲವು. ಇದಕ್ಕೆ ಗ್ರಂಥಪಾಲಕರನ್ನು ನೇರವಾಗಿ ಕೇಳುವುದೇ ಒಳ್ಳೆಯದು. ಲೇಖಕ, ಶೀರ್ಷಿಕೆ, ಪ್ರಕಾಶಕ, ವರ್ಷ ನಾಲ್ಕನ್ನೂ ಬರೆದು ಕೊಟ್ಟರೆ ಕೆಲಸ ಬೇಗ ಆಗುತ್ತದೆ.

ಕೊನೆಯದಾಗಿ ಟಿಪ್ಪಣಿಯ ಶಿಸ್ತು. ಪ್ರತಿ ಕವಿತೆಯ ಜೊತೆಗೆ ಯಾವ ಮುದ್ರಣ, ಯಾವ ವರ್ಷ, ಎಷ್ಟನೆಯ ಪುಟ, ಯಾವ ಗ್ರಂಥಾಲಯದ ಪ್ರತಿ, ಅದರ ಕಪಾಟಿನ ಸಂಖ್ಯೆ ಏನು ಎಂಬುದನ್ನು ನೋಡಿದ ಹೊತ್ತಿನಲ್ಲೇ ಬರೆದಿಡಬೇಕು. ಗಾಲಿಕಾದ ಪ್ರತಿ ದಾಖಲೆಗೂ ಬದಲಾಗದ ಗುರುತುಸಂಖ್ಯೆ ಇರುವುದರಿಂದ ಅದನ್ನೂ ಸೇರಿಸಬೇಕು. ತಾವೇ ನೋಡಿದ್ದು ಯಾವುದು, ಬೇರೆಯವರ ಟಿಪ್ಪಣಿಯಿಂದ ತೆಗೆದುಕೊಂಡದ್ದು ಯಾವುದು ಎಂಬುದನ್ನು ಬೇರ್ಪಡಿಸಿ ಗುರುತಿಸಬೇಕು. ಇಷ್ಟು ವಿವರ ಇದ್ದರೆ ಆ ಬರಹವನ್ನು ಓದುವ ಯಾರೇ ಆಗಲಿ ಅದೇ ಪುಟ ತೆರೆದು, ಹೇಳಿದ ಮಾತು ಸರಿಯೇ ಎಂದು ತಾವೇ ಪರೀಕ್ಷಿಸಬಹುದು.